ದೀಪ ಆರಿದರೂ ತಂತಿಯಲ್ಲಿ ವಿದ್ಯುತ್ತು: ಸಾಲಿಡ್ ಸ್ಟೇಟ್ ರಿಲೇ ಪ್ಯಾನೆಲ್ ಕಟ್ಟುವ ಸದಸ್ಯರ ಗಮನಕ್ಕೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮಕ್ಕಳ ಮನೆ ಇಲ್ಲದ ಸದಸ್ಯರು ನಮ್ಮ ಸಂಘದಲ್ಲಿ ಈಗ ಕಡಮೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಂಬ ಹೆಸರುಗಳು ಮಹಾಸಭೆಯ ಊಟದ ಪಂಕ್ತಿಯಲ್ಲಿ ಕೊಳೆರೋಗದ ಹೆಸರಿನಷ್ಟೇ ಸಲೀಸಾಗಿ ಬಂದುಹೋಗುತ್ತವೆ. ಬೋರ್ಡೋ ಸಿಂಪಡಣೆ ಮುಗಿಸಿ ಹಿರಿಯರು ಅತ್ತ ಹೋಗುವುದು, ಕೊಯ್ಲಿನ ಹೊತ್ತಿಗೆ ಮಕ್ಕಳು ಇತ್ತ ಬರುವುದು ನಡೆದೇ ಇದೆ. ಇದರಿಂದಾಗಿ ವರ್ಷದ ಕೆಲವು ತಿಂಗಳು ಎರಡರಲ್ಲಿ ಒಂದು ಮನೆಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮನೆಯಲ್ಲಿ ಸಂಜೆ ದೀಪ ಹೊತ್ತಿಸುವವರು ಯಾರು ಎಂಬ ಪ್ರಶ್ನೆಯಿಂದಲೇ ಈ ಲೇಖನದ ವಿಷಯ ಹುಟ್ಟಿತು.

ತಾನಾಗಿ ಹೊತ್ತಿ ತಾನಾಗಿ ಆರುವ ದೀಪಗಳ ಏರ್ಪಾಡು ಈಗ ಹೊಸದೇನಲ್ಲ. ಮಗನೋ ಅಳಿಯನೋ ಬೆಂಗಳೂರಿನಿಂದ ಒಂದು ಹಸಿರು ಬೋರ್ಡು, ನಾಲ್ಕಾರು ಕಪ್ಪು ಡಬ್ಬಿಗಳನ್ನು ತಂದು ಕೊಡುತ್ತಾರೆ. ಅದನ್ನು ಇಲ್ಲಿನ ತೋಟದ ಮನೆಗೂ ಹಾಕಿಬಿಡಿ ಎಂದು ಊರಿನ ಎಲೆಕ್ಟ್ರಿಷಿಯನ್ ಮೇಲೆ ಒತ್ತಾಯ ಬರುತ್ತದೆ. ಆತ ನಮ್ಮ ಕಚೇರಿಗೆ ಬಂದು, ಇದನ್ನು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂದು ಕೇಳುತ್ತಾನೆ. ಕಳೆದ ವರ್ಷದಿಂದ ಇಂಥ ವಿಚಾರಣೆಗಳು ಹೆಚ್ಚಾಗಿರುವುದರಿಂದ, ಜಯನಗರದ ಒಂದು ಮನೆಯಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಪ್ಯಾನೆಲ್ಲೊಂದನ್ನು ನಾವು ನೋಡಿ ಬಂದೆವು. ನಮ್ಮ ಸದಸ್ಯರೊಬ್ಬರ ಮಗನ ಮನೆ ಅದು. ಅಲ್ಲಿ ಕಂಡದ್ದನ್ನೂ, ಅದರ ಹಿಂದಿನ ಕಾರಣವನ್ನೂ ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲಿಗೆ ರಿಲೇ ಎಂದರೇನೆಂಬುದನ್ನು ಸ್ಥೂಲವಾಗಿ ತಿಳಿಯೋಣ. ನಮ್ಮ ಪಂಪಿನ ಸ್ಟಾರ್ಟರನ್ನು ನೆನೆದುಕೊಂಡರೆ ಸಾಕು. ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲಿಗೆ ಸ್ವಲ್ಪ ಕರೆಂಟು ಹೋಗುತ್ತದೆ. ಕಾಯಿಲು ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆಯುತ್ತದೆ. ಕಾಂಟ್ಯಾಕ್ಟುಗಳು ‘ಟಕ್’ ಎಂದು ಕೂಡಿಕೊಂಡು ಮೋಟಾರಿಗೆ ದೊಡ್ಡ ಕರೆಂಟು ಹರಿಯುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಈ ಉಪಾಯವೇ ರಿಲೇ. ಮನೆಯ ದೀಪಗಳಿಗೆ ಬಳಸುವ ರಿಲೇ ಸಕ್ಕರೆಯ ಅಚ್ಚಿನಷ್ಟೇ ಚಿಕ್ಕದು, ಕೆಲಸ ಮಾತ್ರ ಅದೇ.

ಸಾಲಿಡ್ ಸ್ಟೇಟ್ ರಿಲೇಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಡಬ್ಬಿಯೊಳಗೆ ಒಂದು ಕಡೆ ಪುಟ್ಟದೊಂದು ಎಲ್‌ಇಡಿ. ಅದರ ಎದುರಿಗೆ ಬೆಳಕು ಬಿದ್ದರೆ ಎಚ್ಚರಗೊಳ್ಳುವ ಸಿಲಿಕಾನ್ ಚೂರು. ಅದರ ಮಾತು ಕೇಳಿ ಬಾಗಿಲು ತೆರೆಯುವ ಟ್ರಯಾಕ್. ಕಂಪ್ಯೂಟರ್ ಬೋರ್ಡಿನ ಕಡೆಗೂ 230 ವೋಲ್ಟಿನ ಕಡೆಗೂ ನಡುವೆ ತಂತಿಯ ಸಂಬಂಧವಿಲ್ಲ, ಬೆಳಕಿನ ಸಂಬಂಧ ಮಾತ್ರ. ಟ್ರಯಾಕಿನ ಅಣ್ಣನೆನ್ನಬಹುದಾದ ಥೈರಿಸ್ಟರ್ 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ರೂಪುಗೊಂಡಿತು. ಬೆಂಗಳೂರಿಗೂ ಇದು ಅಪರಿಚಿತವಲ್ಲ. ಮೈಸೂರು ರಸ್ತೆಯ ಬಿ.ಎಚ್.ಇ.ಎಲ್. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಭಾರೀ ಯಂತ್ರಗಳಿಗೆ ಬೇಕಾದ ಥೈರಿಸ್ಟರ್‌ಗಳನ್ನು ತಯಾರಿಸಿದ್ದಾರೆ.

ಸದ್ದಿಲ್ಲ, ಕಿಡಿಯಿಲ್ಲ, ಕಾಂಟ್ಯಾಕ್ಟು ಸವೆಯುವುದಿಲ್ಲ. ದಿನಕ್ಕೆ ಸಾವಿರ ಸಲ ಹಾಕಿ ತೆಗೆದರೂ ದಣಿವಿಲ್ಲ. ಇವೆಲ್ಲ ನಿಜವಾದ ಗುಣಗಳೇ. ನಮ್ಮ ಮನೆಗಳಲ್ಲಿ ಯಾವ ದೀಪವನ್ನು ದಿನಕ್ಕೆ ಸಾವಿರ ಸಲ ಹಾಕುತ್ತೇವೆ ಎಂಬುದು ಬೇರೆ ಮಾತು.

ಜಯನಗರದ ಮನೆ

1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ ಜಯನಗರ. ಅಲ್ಲಿನ ಹಳೆಯ ಮನೆಗಳಲ್ಲಿ ಇಂದಿಗೂ ಮರದ ಸ್ವಿಚ್ ಬೋರ್ಡು, ಗೋಡೆಯ ಮೇಲೆ ಓಡಿದ ಮರದ ಪಟ್ಟಿಯ ವೈರಿಂಗ್ ಅಲ್ಲಲ್ಲಿ ಉಳಿದಿದೆ. ನಾವು ನೋಡಿದ ಮನೆಯೂ ಹಳೆಯದೇ, ಮೇಲಿನ ಅಂತಸ್ತು ಆಮೇಲೆ ಸೇರಿದ್ದು. ಇಂಥ ಮನೆಗಳಲ್ಲಿ ಸ್ವಿಚ್ ಬೋರ್ಡಿಗೆ ಫೇಸ್ ಮಾತ್ರ ಬರುತ್ತದೆ. ನ್ಯೂಟ್ರಲ್ ನೇರವಾಗಿ ಮೇಲಿನಿಂದಲೇ ದೀಪಕ್ಕೆ ಹೋಗಿರುತ್ತದೆ. ಹಾಗಾಗಿ ಒಂದೊಂದು ಸ್ವಿಚ್ಚಿನ ಹಿಂದೆ ಒಂದೊಂದು ಎಲೆಕ್ಟ್ರಾನಿಕ್ ತುಣುಕು ಕೂರಿಸುವ ಬದಲು, ರಿಪೇರಿಯ ಸಮಯದಲ್ಲಿ ಎಲ್ಲ ದೀಪಗಳ ತಂತಿಯನ್ನೂ ಹೊಸ ಪೈಪಿನಲ್ಲಿ ಒಂದೇ ಕಡೆಗೆ ತಂದು, ಮೆಟ್ಟಿಲ ಕೆಳಗೆ ಒಂದು ಪ್ಯಾನೆಲ್ ಮಾಡುವುದೆಂದು ಆ ಹುಡುಗ ತೀರ್ಮಾನಿಸಿದ. ಎಂಟು ದೀಪಗಳು: ಗೇಟು, ಜಗಲಿ, ಹಜಾರ, ದೇವರ ಕೋಣೆ, ಮೆಟ್ಟಿಲು, ಅಜ್ಜಿಯ ಕೋಣೆ, ಮೇಲಿನ ಎರಡು ಕೋಣೆ. ಗೋಡೆಯಲ್ಲಿ ಹಳೆಯ ಸ್ವಿಚ್ಚುಗಳ ಜಾಗದಲ್ಲಿ ಕರೆಗಂಟೆಯ ಗುಂಡಿಗಳು. ಅವುಗಳಲ್ಲಿ ಓಡುವುದು 12 ವೋಲ್ಟು ಮಾತ್ರ. ಬುದ್ಧಿವಂತ ಏರ್ಪಾಡೇ. ಒದ್ದೆ ಕೈಯಲ್ಲಿ ಗುಂಡಿ ಮುಟ್ಟಿದರೂ ಭಯವಿಲ್ಲ.

ಸಾಮಾನನ್ನು ಎಸ್.ಪಿ. ರಸ್ತೆಯಿಂದ ತಂದದ್ದು. ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ಸಾದರ್ ಪತ್ರಪ್ಪ ರಸ್ತೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿಂದೆ ಜಯನಗರದಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ಹೊತ್ತಿನ ಕೆಲಸ. 2017ರಲ್ಲಿ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ತೆರೆದ ಮೇಲೆ ಜಯನಗರದಲ್ಲಿ ಹತ್ತಿ ಕೆ.ಆರ್. ಮಾರ್ಕೆಟ್ಟಿನಲ್ಲಿಯೋ ಚಿಕ್ಕಪೇಟೆಯಲ್ಲಿಯೋ ಇಳಿದರೆ ನಡೆದು ಹೋಗುವಷ್ಟು ಹತ್ತಿರ. ಬಿ.ಟಿ.ಎಂ. ಬಡಾವಣೆಯವರಿಗೂ 2025ರ ಆಗಸ್ಟಿನಿಂದ ಹಳದಿ ಮಾರ್ಗ ಬಂದು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿಕೊಳ್ಳುವ ಅನುಕೂಲ ಆಗಿದೆ.

ಮೊದಲ ಸಲ ಆತ ಹಾಕಿದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಎಂಟು ರಿಲೇಗಳ ಬೋರ್ಡು. ಅದರ ಮೇಲಿರುವುದು ಜಿ3ಎಂಬಿ-202ಪಿ ಎಂಬ ನಮೂನೆಯ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, 2 ಆಂಪಿಯರಿನ ಸಾಲಿಡ್ ಸ್ಟೇಟ್ ರಿಲೇ. ಎರಡು ಆಂಪಿಯರ್ ಎಂದರೆ 230 ವೋಲ್ಟಿನಲ್ಲಿ 460 ವಾಟು, ದೀಪಕ್ಕೆ ಧಾರಾಳ. ಹಾಕಿದ ದಿನವೇ ಎಲ್ಲವೂ ಕೆಲಸ ಮಾಡಿತು. ರಾತ್ರಿ ಮಾತ್ರ ಅಜ್ಜಿಯ ಕೋಣೆಯಲ್ಲಿ ಆರಿಸಿದ ದೀಪ ಪೂರ್ತಿ ಆರಲಿಲ್ಲ. ಮಿಣುಕುಹುಳದ ಹಾಗೆ ಮಂಕಾಗಿ ಉರಿಯುತ್ತಲೇ ಇತ್ತು. “ಆರಿಸಿದರೆ ಆರಬೇಕಪ್ಪ, ಇದೇನು ಅರೆಗಣ್ಣು ಬಿಟ್ಟು ನೋಡ್ತಾ ಮಲಗಿದೆ” ಎಂದು ಅಜ್ಜಿ ಬೆಳಿಗ್ಗೆ ಕೇಳಿದರಂತೆ. ಮನೆಯವರು ನಕ್ಕರು. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೆಂದು ಗೊತ್ತಾದದ್ದು ಎರಡು ತಿಂಗಳು ಕಳೆದ ಮೇಲೆ.

ಮೆಟ್ಟಿಲಿನ ದೀಪದ ಹೋಲ್ಡರ್ ಕೆಟ್ಟು, ಬದಲಾಯಿಸಲು ಎಲೆಕ್ಟ್ರಿಷಿಯನ್ ಬಂದಿದ್ದ. ಮನೆಯವರು ಮೊಬೈಲಿನಲ್ಲಿ ದೀಪ ಆರಿಸಿ, ಆಯಿತು ಎಂದರು. ಕಣ್ಣೆದುರೇ ದೀಪ ಆರಿತ್ತು. ಆತ ಏಣಿ ಹತ್ತಿ, ಬಲ್ಬು ಕಳಚಿ, ಹೋಲ್ಡರಿನ ತಿರುಪು ಸಡಿಲಿಸುತ್ತ ಒಂದು ಕೈಯಲ್ಲಿ ಕಬ್ಬಿಣದ ಕಟಕಟೆ ಹಿಡಿದುಕೊಂಡಿದ್ದ. ಇನ್ನೊಂದು ಕೈಯ ಬೆರಳು ಫೇಸಿನ ತಿರುಪಿಗೆ ತಗುಲಿತು. ಜುಮ್ಮೆಂದು ಹೊಡೆದದ್ದು ಕೊಲ್ಲುವಷ್ಟಲ್ಲ, ಬೆಚ್ಚಿಬೀಳಿಸುವಷ್ಟು. ಬೆಚ್ಚಿದವನು ಏಣಿಯ ಮೂರು ಮೆಟ್ಟಿಲು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಏಣಿ ಇನ್ನೂ ಎತ್ತರದ್ದಾಗಿದ್ದರೆ ಈ ಲೇಖನವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಹೀಗೇಕಾಯಿತು?

ಗೋಡೆಯ ಮಾಮೂಲಿ ಸ್ವಿಚ್ಚನ್ನು ತೆಗೆದಾಗ ಎರಡು ಲೋಹದ ತುಂಡುಗಳ ನಡುವೆ ಗಾಳಿ ಇರುತ್ತದೆ. ಸಾಲಿಡ್ ಸ್ಟೇಟ್ ರಿಲೇಯಲ್ಲಿ ಈ ಗಾಳಿಯ ಅಂತರವಿಲ್ಲ. ಅಲ್ಲಿರುವುದು ಮುಚ್ಚಿದ ಸಿಲಿಕಾನ್, ಅದರ ಜೊತೆಗೆ ಟ್ರಯಾಕನ್ನು ಕಾಪಾಡಲು ಹಾಕಿದ ಒಂದು ಸಣ್ಣ ಕಂಡೆನ್ಸರ್ ಮತ್ತು ರೆಸಿಸ್ಟರ್. ಆ ಕಂಡೆನ್ಸರಿನ ಮೂಲಕ ಕರೆಂಟು ಯಾವಾಗಲೂ ಸ್ವಲ್ಪ ಸೋರುತ್ತಿರುತ್ತದೆ. ಮೇಲೆ ಹೇಳಿದ ನಮೂನೆಯಲ್ಲಿ ಈ ಸೋರಿಕೆ 1.5 ಮಿಲಿ ಆಂಪಿಯರ್‌ವರೆಗೆ ಇರಬಹುದೆಂದು ತಯಾರಕರೇ ನಮೂದಿಸಿದ್ದಾರೆ. ತೂಬು ಮುಚ್ಚಿದರೂ ಹಲಗೆಯ ಸಂದಿಯಲ್ಲಿ ಜಿನುಗುವ ನೀರಿನ ಹಾಗೆ.

ಹಿಂದಿನ 60 ವಾಟಿನ ಬಲ್ಬಿಗೆ ಇಷ್ಟು ಜಿನುಗು ಲೆಕ್ಕಕ್ಕೇ ಇರಲಿಲ್ಲ. ತಂತಿ ಬೆಚ್ಚಗೂ ಆಗುತ್ತಿರಲಿಲ್ಲ. ಎಲ್‌ಇಡಿ ಬಲ್ಬು ಹಾಗಲ್ಲ. ಅದರೊಳಗಿನ ಕಂಡೆನ್ಸರ್ ಈ ಹನಿಹನಿಯನ್ನೇ ಕೂಡಿಟ್ಟುಕೊಂಡು ಮಿಣುಕುತ್ತದೆ. ಬಲ್ಬನ್ನೇ ಕಳಚಿದಾಗ ಇನ್ನೂ ವಿಚಿತ್ರ: ಸೋರಿದ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಹೋಲ್ಡರಿನ ತಿರುಪಿನಲ್ಲಿ ಹೆಚ್ಚುಕಡಮೆ ಪೂರ್ತಿ 230 ವೋಲ್ಟು ನಿಂತಿರುತ್ತದೆ. ಟೆಸ್ಟರ್ ಇಟ್ಟರೆ ನಿಯಾನ್ ಕೆಂಪಗೆ ಹೊತ್ತುತ್ತದೆ. ಮುಟ್ಟಿದ ಮನುಷ್ಯನ ಮೂಲಕ ಹರಿಯುವುದು ಆ ಒಂದೂವರೆ ಮಿಲಿ ಆಂಪಿಯರ್ ಮಾತ್ರ. ಅದು ಮೈಗೆ ಗೊತ್ತಾಗುವ ಮಟ್ಟ. 30 ಮಿಲಿ ಆಂಪಿಯರಿಗೆ ಬೀಳುವ ಆರ್.ಸಿ.ಸಿ.ಬಿ. ಇದಕ್ಕೆಲ್ಲ ಬೀಳುವುದಿಲ್ಲ.

ಇದು ರಿಲೇ ಸರಿಯಿದ್ದಾಗಿನ ಮಾತು. ಕೆಟ್ಟಾಗಿನ ಕಥೆ ಬೇರೆ. ಟ್ರಯಾಕ್ ಸುಟ್ಟುಹೋಗುವಾಗ ಬಹಳ ಸಲ ಕತ್ತರಿಸಿಕೊಳ್ಳುವುದಿಲ್ಲ, ಒಳಗೇ ಬೆಸೆದುಕೊಂಡು ಶಾರ್ಟ್ ಆಗಿಬಿಡುತ್ತದೆ. ಫ್ಯೂಸು ಹೋದರೆ ದೀಪ ಆರುವುದು ನಮಗೆ ರೂಢಿ. ಇಲ್ಲಿ ಸಾಧನ ಸತ್ತರೆ ದೀಪ ಉರಿಯುತ್ತದೆ. ಮೊಬೈಲಿನಲ್ಲಿ ಆಫ್ ಎಂದು ತೋರಿಸುತ್ತಿದ್ದರೂ ತಂತಿಯಲ್ಲಿ ಪೂರ್ತಿ ಕರೆಂಟು ಇರುತ್ತದೆ. ಬಲ್ಬು ಸುಟ್ಟುಹೋಗಿದೆಯೆಂದು ಬದಲಾಯಿಸಲು ಹೊರಟವನಿಗೆ ದೀಪವನ್ನು ನೋಡಿ ಇದು ಗೊತ್ತಾಗುವ ಸಂಭವವೇ ಇಲ್ಲ. ಆದಕಾರಣ ಸಾಲಿಡ್ ಸ್ಟೇಟ್ ರಿಲೇಯನ್ನು ದೀಪ ಹಾಕಿ ತೆಗೆಯುವ ಸಾಧನವೆಂದು ಮಾತ್ರ ತಿಳಿಯಬೇಕು. ಕೈಹಾಕಿ ಕೆಲಸ ಮಾಡಲು ಲೈನ್ ಬೇರ್ಪಡಿಸುವ ಸಾಧನವೆಂದು ಎಂದೂ ತಿಳಿಯಬಾರದು.

ಹೊಸ ಪ್ಯಾನೆಲ್

ಎರಡನೆಯ ಸಲ ಕಟ್ಟಿದ ಪ್ಯಾನೆಲ್ ನಮಗೆ ಬಹಳ ಹಿಡಿಸಿತು. ಅದರಲ್ಲಿ ಎದ್ದು ಕಾಣುವ ವಸ್ತು ಎಲೆಕ್ಟ್ರಾನಿಕ್ಸಿನದೇ ಅಲ್ಲ. ಬೋರ್‌ವೆಲ್ ಪಂಪಿನ ಪ್ಯಾನೆಲ್ಲುಗಳಲ್ಲಿ ‘ಆಟೋ – ಆಫ್ – ಮ್ಯಾನುಯಲ್’ ಎಂದು ತಿರುಗಿಸುವ ಗುಬಟು ಇರುತ್ತದೆ, ಸದಸ್ಯರೆಲ್ಲ ನೋಡಿರುತ್ತೀರಿ. ಅದನ್ನೇ ಆ ಹುಡುಗ ಒಂದೊಂದು ದೀಪಕ್ಕೂ ಒಂದೊಂದರಂತೆ ಎಂಟು ಹಾಕಿದ್ದಾನೆ. ಊರಿನಲ್ಲಿ ಅಪ್ಪನ ಪಂಪ್‌ಹೌಸಿನಲ್ಲಿ ನೋಡಿದ್ದು ನೆನಪಿಗೆ ಬಂತಂತೆ.

ಜೋಡಣೆ ಹೀಗಿದೆ. ಫೇಸ್ ಮೊದಲು ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಐಸೊಲೇಟರಿಗೆ ಬರುತ್ತದೆ; ಅಲ್ಲಿಂದ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.; ಅಲ್ಲಿಂದ 6 ಆಂಪಿಯರಿನ ನಾಲ್ಕು ಎಂ.ಸಿ.ಬಿ.ಗಳು, ಎರಡೆರಡು ದೀಪಕ್ಕೆ ಒಂದರಂತೆ. ಎಂ.ಸಿ.ಬಿ.ಯಿಂದ ಬಂದ ತಂತಿ ಗುಬಟಿನ ನಡುವಿನ ತುದಿಗೆ. ಆಟೋ ಕಡೆ ತಿರುಗಿಸಿದರೆ ಕರೆಂಟು ಸಾಲಿಡ್ ಸ್ಟೇಟ್ ರಿಲೇಯ ಮೂಲಕ ದೀಪಕ್ಕೆ ಹೋಗುತ್ತದೆ. ಮ್ಯಾನುಯಲ್ ಕಡೆ ತಿರುಗಿಸಿದರೆ ರಿಲೇಯನ್ನು ಬಿಟ್ಟು ನೇರವಾಗಿ ದೀಪಕ್ಕೆ. ನಡುವೆ ನಿಲ್ಲಿಸಿದರೆ ಎರಡೂ ದಾರಿ ಬಂದ್, ನಡುವೆ ಗಾಳಿ. ಹೋಲ್ಡರ್ ಬದಲಾಯಿಸುವವನು ಮೊದಲು ಗುಬಟನ್ನು ಆಫಿನಲ್ಲಿಟ್ಟು, ಎಂ.ಸಿ.ಬಿ. ಇಳಿಸಿ, ಆಮೇಲೆ ಟೆಸ್ಟರ್ ಹಚ್ಚಿ ನೋಡಿ ಏಣಿ ಹತ್ತಬೇಕು. ಇದೇ ಮಾತನ್ನು ಪ್ಯಾನೆಲ್ಲಿನ ಬಾಗಿಲ ಒಳಮೈಗೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ.

ಇದರಿಂದ ಇನ್ನೊಂದು ಉಪಕಾರವಿದೆ. ಕಂಪ್ಯೂಟರ್ ಬೋರ್ಡು ಕೆಟ್ಟ ದಿನ ಮಗ ಊರಲ್ಲಿಲ್ಲದಿದ್ದರೂ ಮನೆ ಕತ್ತಲಾಗುವುದಿಲ್ಲ. ಸೊಸೆಯೋ ಅಜ್ಜಿಯೋ ಗುಬಟು ತಿರುಗಿಸಿ ದೀಪ ಹಾಕಿಕೊಳ್ಳಬಹುದು. ಕಟ್ಟಿದವನೊಬ್ಬನಿಗೆ ಮಾತ್ರ ಗೊತ್ತಿರುವ ಯಂತ್ರ ಮನೆಯಲ್ಲಿರುವುದು ನಮಗೆ ಅಷ್ಟಾಗಿ ಸರಿಬೀಳುವುದಿಲ್ಲ.

ರಿಲೇಗಳನ್ನೂ ಈ ಸಲ ಆತನೇ ಕಟ್ಟಿದ್ದಾನೆ. ಎಂಒಸಿ 3063 ಎಂಬ ಆರು ಕಾಲಿನ ಚಿಪ್ಪು, ಅದರ ಹಿಂದೆ ಬಿಟಿಎ 16-600 ಎಂಬ ಟ್ರಯಾಕ್. ಎರಡೂ 600 ವೋಲ್ಟು ತಡೆಯುವಂಥವು. ನಮ್ಮ 230 ವೋಲ್ಟಿನ ಅಲೆಯ ತುದಿ 325 ವೋಲ್ಟು ಮುಟ್ಟುವುದರಿಂದ 400 ವೋಲ್ಟಿನವನ್ನು ಇಲ್ಲಿ ಹಾಕಬಾರದು. ಅಂಗಡಿಯವನು ಅದೂ ಆಗುತ್ತದೆ ಎಂದರೂ ಒಪ್ಪಬೇಡಿ. ಈ ಚಿಪ್ಪಿಗೆ ಒಂದು ಒಳ್ಳೆಯ ಗುಣವಿದೆ. ಅಲೆಯು ಸೊನ್ನೆಗೆ ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ. 50 ಆವರ್ತದ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುವುದರಿಂದ ಕಾಯಬೇಕಾದದ್ದು ಹೆಚ್ಚೆಂದರೆ ಸೆಕೆಂಡಿನ ನೂರರಲ್ಲೊಂದು ಪಾಲು. ಎಲ್‌ಇಡಿ ಬಲ್ಬುಗಳು ಹೊತ್ತುವ ಕ್ಷಣದಲ್ಲಿ ಗಬಕ್ಕನೆ ಎಳೆಯುವ ಕರೆಂಟು ಇದರಿಂದ ಕಡಮೆಯಾಗುತ್ತದೆ, ರೇಡಿಯೋದಲ್ಲಿ ಚಟಪಟ ಇರುವುದಿಲ್ಲ.

ಟ್ರಯಾಕಿನ ರಕ್ಷಣೆಗೆ 0.01 ಮೈಕ್ರೋಫ್ಯಾರಡ್ ಕಂಡೆನ್ಸರ್, 100 ಓಮಿನ ರೆಸಿಸ್ಟರ್. ಇಷ್ಟು ಚಿಕ್ಕ ಕಂಡೆನ್ಸರಿನಲ್ಲಿ ಸೋರಿಕೆ ಸುಮಾರು 0.7 ಮಿಲಿ ಆಂಪಿಯರಿಗೆ ಇಳಿಯುತ್ತದೆ. ಅದಕ್ಕೂ ಬಗ್ಗದ ಬಲ್ಬುಗಳಿದ್ದರೆ ಉಪಾಯವಿದೆ. ದೀಪಕ್ಕೆ ಹೋಗುವ ತಂತಿಗೂ ನ್ಯೂಟ್ರಲಿಗೂ ನಡುವೆ 0.22 ಮೈಕ್ರೋಫ್ಯಾರಡ್ ಕಂಡೆನ್ಸರನ್ನು 100 ಓಮಿನ ರೆಸಿಸ್ಟರಿನೊಂದಿಗೆ ಹಾಕುವುದು. ಕಂಡೆನ್ಸರ್ ‘ಎಕ್ಸ್ 2’ ವರ್ಗದ್ದು, 275 ವೋಲ್ಟು ಎ.ಸಿ. ಎಂದು ಮೈಮೇಲೆ ಬರೆದಿರುವುದೇ ಆಗಬೇಕು. ಫ್ಯಾನಿಗೆ ಹಾಕುವುದನ್ನೋ ರೇಡಿಯೋದ್ದನ್ನೋ ಹಾಕಬಾರದು. ಒಂದೂವರೆ ಮಿಲಿ ಆಂಪಿಯರ್ ಸೋರಿದರೂ ಈ ದಾರಿಯಲ್ಲಿ ಹರಿದು ಹೋಗಿ ದೀಪದ ತುದಿಯಲ್ಲಿ 22 ವೋಲ್ಟಿನಷ್ಟು ಮಾತ್ರ ಉಳಿಯುತ್ತದೆ, ಬಲ್ಬು ಮಿಣುಕುವುದಿಲ್ಲ. ಇದನ್ನು ಬಲ್ಬಿನ ಬಳಿ ಹಾಕದೆ ಪ್ಯಾನೆಲ್ಲಿನಲ್ಲೇ ಹಾಕಿದ್ದಾನೆ. ಬಲ್ಬು ಕಳಚಿದರೂ ಕಂಡೆನ್ಸರ್ ತನ್ನ ಜಾಗದಲ್ಲಿ ಇರುವುದರಿಂದ ಹೋಲ್ಡರಿನ ತಿರುಪಿನಲ್ಲಿ ಪೂರ್ತಿ ವೋಲ್ಟು ನಿಲ್ಲುವುದಿಲ್ಲ. ಜೊತೆಗೆ 220 ಕಿಲೋ ಓಮಿನ ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೊಂದು ಕೂಡಿಸಿ ಕಂಡೆನ್ಸರಿನ ಎರಡು ತುದಿಗೆ ಸೇರಿಸಿದರೆ, ಲೈನ್ ತೆಗೆದ ಮೇಲೆ ಅದರಲ್ಲಿ ಚಾರ್ಜ್ ಉಳಿಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ಟ್ರಯಾಕ್ ಶಾರ್ಟ್ ಆದರೆ ಕಂಡೆನ್ಸರಿನಿಂದ ಏನೂ ಪ್ರಯೋಜನವಿಲ್ಲ, ಗುಬಟಿನಿಂದಲೇ ಪ್ರಯೋಜನ.

ಸಣ್ಣ ದೀಪಗಳಿಗೆ ಇನ್ನೊಂದು ತೊಡಕು ಇದೆ. ಸಿದ್ಧ ಬೋರ್ಡಿನ ಆ ಚಿಕ್ಕ ರಿಲೇಗೆ ಕನಿಷ್ಠ 0.1 ಆಂಪಿಯರ್ ಹರಿಯಬೇಕೆಂಬ ನಿಯಮವುಂಟು, ಅಂದರೆ ಸುಮಾರು 23 ವಾಟು. 9 ವಾಟಿನ ಎಲ್‌ಇಡಿ ಬಲ್ಬು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಟ್ರಯಾಕು ತನ್ನ ಹಿಡಿತ ಉಳಿಸಿಕೊಳ್ಳಲಾಗದೆ ಬಿಟ್ಟು ಬಿಟ್ಟು ಹಿಡಿಯುತ್ತದೆ, ದೀಪ ನಡುಗುತ್ತದೆ. ದೇವರ ಕೋಣೆಯ 3 ವಾಟಿನ ದೀಪ ಹೀಗೆ ಹಟ ಮಾಡಿದ್ದರಿಂದ ಆ ಒಂದಕ್ಕೆ ಮಾತ್ರ ಮಾಮೂಲಿ ‘ಟಕ್’ ಎನ್ನುವ ರಿಲೇಯನ್ನೇ ಹಾಕಿದ್ದಾರೆ. ನಮ್ಮ ಅಭಿಪ್ರಾಯ ಕೇಳಿದರೆ, ಮನೆಯ ಬಹುಪಾಲು ದೀಪಗಳಿಗೆ ಒಳ್ಳೆಯ ಕಂಪೆನಿಯ ಸಾಮಾನ್ಯ ರಿಲೇಯೇ ಸಾಕು. ರಾತ್ರಿ ಸದ್ದು ಆಗಬಾರದ ಮಲಗುವ ಕೋಣೆ, ಮನುಷ್ಯರ ಸುಳಿವು ಕಂಡಾಗಲೆಲ್ಲ ಹೊತ್ತಿ ಆರುವ ಮೆಟ್ಟಿಲು ದೀಪ, ಇಂಥಲ್ಲಿ ಸಾಲಿಡ್ ಸ್ಟೇಟ್ ರಿಲೇಗೆ ಅರ್ಥವಿದೆ.

ಪೆಟ್ಟಿಗೆ ಕಬ್ಬಿಣದ್ದು, ಅರ್ತಿಂಗ್ ಮಾಡಿದ್ದು. 230 ವೋಲ್ಟಿನ ತಂತಿಗಳು ಬಲಕ್ಕೆ, 12 ವೋಲ್ಟಿನವು ಎಡಕ್ಕೆ. ಎರಡಕ್ಕೂ ಬೇರೆ ಬೇರೆ ಪೈಪು. ಬೋರ್ಡಿನ ಮೇಲೆ ಎರಡರ ನಡುವೆ ಕಡಮೆಯೆಂದರೆ 8 ಮಿಲಿಮೀಟರ್ ಖಾಲಿ ಜಾಗ. ದೀಪದ ತಂತಿ 1.5 ಚದರ ಮಿಲಿಮೀಟರಿನದು, ಪ್ರತಿ ತಂತಿಗೂ ಎರಡೂ ತುದಿಯಲ್ಲಿ ನಂಬರು. ಈ ನಂಬರಿನ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತಂತೆ. 230 ವೋಲ್ಟಿನ ಕಡೆಯ ಎಲ್ಲ ಕೆಲಸವನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿಯೇ ಮಾಡಿಸಿದ್ದಾರೆ. ಮಣಿಕಟ್ಟು ಉಳುಕಿಸಿಕೊಂಡವನೇ ಬಂದು ಮಾಡಿಕೊಟ್ಟನೆಂಬುದು ಸಂತೋಷದ ವಿಷಯ.

ಸಂಜೆ ದೀಪ ಹೊತ್ತುವ ವೇಳೆಯನ್ನು ಗಡಿಯಾರಕ್ಕೆ ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸಂಜೆ 5 ಗಂಟೆ 50 ನಿಮಿಷದ ಸುಮಾರಿಗಾದರೆ ಜುಲೈ ಮೊದಲಲ್ಲಿ 6 ಗಂಟೆ 50ರ ಸುಮಾರಿಗೆ. ಈ ಒಂದು ಗಂಟೆಯ ವ್ಯತ್ಯಾಸವನ್ನು ಬೋರ್ಡೇ ಲೆಕ್ಕ ಹಾಕಿಕೊಳ್ಳುತ್ತದೆ. ಇದರಿಂದ ಬಿಲ್ಲು ಉಳಿಯುತ್ತದೆ ಎನ್ನುವವರ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. 9 ವಾಟಿನ ದೀಪ ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ಟು ಚಿಲ್ಲರೆ. ಹಗಲೂ ರಾತ್ರಿ ಎಚ್ಚರವಿರುವ ಬೋರ್ಡು 2 ವಾಟು ತಿಂದರೆ ಅದೇ ಒಂದೂವರೆ ಯೂನಿಟ್ಟು. ಅನುಕೂಲಕ್ಕಾಗಿ ಮಾಡಬೇಕಾದ ಕೆಲಸ ಇದು.

ಕೊಳ್ಳುವಾಗ

25, 40 ಆಂಪಿಯರ್ ಎಂದು ಬರೆದಿರುವ ದೊಡ್ಡ ಚೌಕಾಕಾರದ ಸಾಲಿಡ್ ಸ್ಟೇಟ್ ರಿಲೇಗಳೂ ಸಿಗುತ್ತವೆ. ಹೊರಗೆ 40 ಎಂದು ಬರೆದು ಒಳಗೆ ಅದರ ಅರ್ಧಕ್ಕೂ ಬಾರದ ಟ್ರಯಾಕ್ ಇಟ್ಟ ನಕಲಿಗಳು ಮಾರುಕಟ್ಟೆಯಲ್ಲಿವೆ, ಎಚ್ಚರವಿರಲಿ. ಅಸಲಿಯಾದರೂ ಆ ಅಂಕಿ ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಮ್ ರೆಕ್ಕೆಗಳ ಮೇಲೆ ಕೂರಿಸಿದಾಗಿನದು. ಟ್ರಯಾಕಿನಲ್ಲಿ ಪ್ರತಿ ಆಂಪಿಯರಿಗೆ ಒಂದರಿಂದ ಒಂದೂವರೆ ವಾಟು ಶಾಖವಾಗಿ ಹೋಗುತ್ತದೆ. ಎಂಟು ಎಲ್‌ಇಡಿ ದೀಪಕ್ಕೆ ಇದು ಗಣನೆಗೆ ಬಾರದು. 2000 ವಾಟಿನ ಗೀಸರಿಗೆ ಹಾಕಿದರೆ ಹತ್ತು ವಾಟಿಗೂ ಮೇಲೆ, ಅಂದರೆ ಮುಟ್ಟಿದರೆ ಕೈ ಸುಡುವಷ್ಟು. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ಬದಲಾಗಿರುತ್ತದೆ.

ಹಾಕಿದ ರಿಲೇ ಶಾರ್ಟ್ ಆಗಿದೆಯೇ ಎಂದು ನೋಡಲು ಲೈನ್ ಪೂರ್ತಿ ತೆಗೆದು, ರಿಲೇಯ ತಂತಿಗಳನ್ನು ಬಿಚ್ಚಿ, 230 ವೋಲ್ಟಿನ ಎರಡು ತುದಿಗಳ ನಡುವೆ ಮೀಟರಿನಲ್ಲಿ ಓಮ್ ಅಳೆಯಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಸತ್ತಿದೆ ಎಂದರ್ಥ. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡುವುದು ಒಳ್ಳೆಯದು.

ತೋಟದ ಮನೆಗೆ ತರುವುದಾದರೆ

ಜಯನಗರದಲ್ಲಿ ನಡೆದದ್ದು ನಮ್ಮಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳುವಂತಿಲ್ಲ. ನಮ್ಮ ಲೈನುಗಳು ಮರಗಳ ನಡುವೆ ಮೈಲುಗಟ್ಟಲೆ ಬಂದವು. ಏಪ್ರಿಲ್, ಮೇ ತಿಂಗಳ ಸಿಡಿಲಿನಲ್ಲಿ ಟೆಲಿವಿಷನ್ನು, ಮೋಡೆಮ್ಮು ಸುಟ್ಟುಕೊಳ್ಳದ ಮನೆ ಊರಿಗೆ ಎಷ್ಟಿವೆ? 600 ವೋಲ್ಟಿನ ಟ್ರಯಾಕ್ ಸಿಡಿಲಿನ ಸೆಳೆತಕ್ಕೆ ಮೊದಲ ಬಲಿ. ಸುಟ್ಟರೆ ಶಾರ್ಟ್ ಆಗುತ್ತದೆಂದು ಮೇಲೆಯೇ ಹೇಳಿದ್ದೇವೆ. ಹಾಗಾಗಿ ಇಲ್ಲಿ ಹಾಕುವವರು ಮೇನ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನವನ್ನೂ, ಪ್ಯಾನೆಲ್ಲಿನೊಳಗೆ 275 ವೋಲ್ಟು ಎ.ಸಿ.ಯ ವೇರಿಸ್ಟರನ್ನು ಫ್ಯೂಸಿನ ಹಿಂದೆಯೂ ಹಾಕಲೇಬೇಕು. ಇವೆರಡಕ್ಕೂ ಮೊದಲು ಅರ್ತ್ ಗುಂಡಿ ಸರಿಯಿರಬೇಕು. ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಮೇಲೆ ಹತ್ತು ವರ್ಷ ತಿರುಗಿ ನೋಡದ ಅರ್ತ್ ಗುಂಡಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಇನ್ನು ಹಲ್ಲಿ, ಇರುವೆ, ಬೂಷ್ಟು. ಬೆಚ್ಚಗಿನ ಪೆಟ್ಟಿಗೆ ಸಿಕ್ಕಿದರೆ ಇರುವೆಗಳು ಮೊಟ್ಟೆಯಿಡಲು ಬಂದೇ ಬರುತ್ತವೆ. ತಂತಿ ಬರುವ ತೂತುಗಳಿಗೆಲ್ಲ ರಬ್ಬರ್ ಗ್ಲ್ಯಾಂಡ್ ಹಾಕಿ, ತಂತಿಗಳನ್ನು ಕೆಳಗಿನಿಂದ ಒಳಕ್ಕೆ ತರುವುದು ಉತ್ತಮ. ಅಡಿಗೆಮನೆಯ ಗೋಡೆಗೂ, ಅಡಕೆ ಬೇಯಿಸುವ ಒಲೆಯ ಹತ್ತಿರಕ್ಕೂ ಪ್ಯಾನೆಲ್ ಬೇಡ.

ಸಂಜೆಯ ವೇಳೆ ವೋಲ್ಟೇಜು ಬಿದ್ದುಹೋಗುವ ಲೈನುಗಳಲ್ಲಿ ದೀಪಕ್ಕಿಂತ ಮೊದಲು ಬೋರ್ಡೇ ನಿಲ್ಲಬಹುದು. 90ರಿಂದ 264 ವೋಲ್ಟಿನವರೆಗೆ ನಡೆಯುವ ಅಡಾಪ್ಟರ್ ಕೇಳಿ ಪಡೆಯಿರಿ.

ಪಂಪಿನ ವಿಷಯದಲ್ಲಿ ನಮ್ಮದು ಖಂಡಿತವಾದ ಮಾತು: ಪಂಪನ್ನು ಸಾಲಿಡ್ ಸ್ಟೇಟ್ ರಿಲೇಯಿಂದ ನಡೆಸುವ ಪ್ರಯೋಗ ಬೇಡ. ಮೋಟಾರು ಹೊರಡುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ರಿಲೇ ಶಾರ್ಟ್ ಆದರೆ ಬಾವಿ ಬತ್ತಿದರೂ ಪಂಪು ನಿಲ್ಲುವುದಿಲ್ಲ. ಮೂರು ಫೇಸಿನ ಮೋಟಾರಿಗೆ ಎರಡು ಫೇಸನ್ನಷ್ಟೇ ರಿಲೇಯಿಂದ ಕತ್ತರಿಸುವ ಪದ್ಧತಿಯೂ ಇದೆ. ಆಗ ನಿಂತ ಮೋಟಾರಿನಲ್ಲಿಯೂ ಮೂರನೆಯ ಫೇಸ್ ಜೀವಂತ. ತೋಟದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರು ನಮ್ಮ ಜನ. ಪಂಪಿಗೆ ಕಾಂಟ್ಯಾಕ್ಟರ್ ಇರುವ ಸ್ಟಾರ್ಟರೇ ಇರಲಿ. ಕಾಂಟ್ಯಾಕ್ಟರಿನ ಕಾಯಿಲನ್ನು ಬೇಕಾದರೆ ಬೋರ್ಡಿನ ಸಣ್ಣ ರಿಲೇಯಿಂದ ಎಳೆಸಬಹುದು.

ಜಯನಗರದ ಪ್ಯಾನೆಲ್ಲಿನ ವೈರಿಂಗ್ ನಕ್ಷೆಯ ಪ್ರತಿಯನ್ನು ಆ ಹುಡುಗ ಸಂಘಕ್ಕೆ ಕೊಟ್ಟಿದ್ದಾನೆ. ಕಚೇರಿಯ ವೇಳೆಯಲ್ಲಿ ಬಂದು ನೋಡಬಹುದು, ಬರೆದುಕೊಳ್ಳಬಹುದು. ಬರುವಾಗ ನಿಮ್ಮ ಎಲೆಕ್ಟ್ರಿಷಿಯನ್ನನ್ನೂ ಕರೆತನ್ನಿ. ಬಾಗಿಲಿಗೆ ಅಂಟಿಸುವ ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಇಟ್ಟಿದ್ದೇವೆ, ಸದಸ್ಯರಿಗೆ ಉಚಿತ.